ಟೋಕನ್ ಎಂಟು, ನಾಡಿ ತೊಂಬತ್ತೆರಡು

ಯಾರು, ಎಲ್ಲಿ, ಯಾವ ಮಾತಿನಲ್ಲಿ ನನಗೆ ಅಗೌರವ ತೋರಿಸಿದರು ಎಂಬುದನ್ನು ನಾನು ಮರೆಯುವುದಿಲ್ಲ. ಸರ್ಕಾರಿ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು, ತೊಂಬತ್ತರ ದಶಕದ ಕೊನೆಯಲ್ಲಿ ನಿವೃತ್ತನಾದೆ. ಬೀಳ್ಕೊಡುಗೆಯ ದಿನ ನನಗೆ ಹಾರ ಹಾಕಿದ ಹಿರಿಯ ವೈದ್ಯರು ತಮ್ಮ ಭಾಷಣದಲ್ಲಿ ನನ್ನನ್ನು ‘ನಮ್ಮ ಫೋಟೋಗ್ರಾಫರ್’ ಎಂದರು. ಸಭೆಯಲ್ಲಿದ್ದವರೆಲ್ಲ ನಕ್ಕರು. ಆ ಹಾರವನ್ನು ನಾನು ಮನೆಗೆ ಒಯ್ಯಲಿಲ್ಲ. ಬನಶಂಕರಿಯ ಬಸ್ಸಿನ ಸೀಟಿನ ಮೇಲೆ ಬಿಟ್ಟು ಇಳಿದುಹೋದೆ.

ಫೋಟೋ ತೆಗೆಯುವುದಕ್ಕೂ ನನ್ನ ಕೆಲಸಕ್ಕೂ ಇದ್ದ ವ್ಯತ್ಯಾಸ ಆ ವೈದ್ಯರಿಗೆ ತಿಳಿಯದ್ದೇನಲ್ಲ. ರೋಗಿಯ ಎದೆಯ ದಪ್ಪವನ್ನು ಅಳೆದ ಮೇಲೆಯೇ ನಾನು ಯಂತ್ರದ ಗುಂಡಿ ತಿರುಗಿಸುತ್ತಿದ್ದೆ. ಕಿರಣ ಬೀಳುವ ಚೌಕವನ್ನು ಬೇಕಾದಷ್ಟಕ್ಕೇ ಕಿರಿದು ಮಾಡುತ್ತಿದ್ದೆ. ಮಕ್ಕಳಿಗೆ ಸೀಸದ ಹೊದಿಕೆ ಹೊದಿಸುತ್ತಿದ್ದೆ. ಹೆಂಗಸರನ್ನು, ಮುಟ್ಟಾಗಿ ಎಷ್ಟು ದಿನವಾಯಿತೆಂದು, ಗೋಡೆಯ ಕಡೆ ನೋಡುತ್ತ ಕೇಳುತ್ತಿದ್ದೆ. ಉಸಿರು ಹಿಡಿಸಿ, ಒಂದೇ ಸಲಕ್ಕೆ ತೆಗೆದು ಮುಗಿಸುತ್ತಿದ್ದೆ. ಫಿಲ್ಮು ಕೆಟ್ಟರೆ ಇನ್ನೊಂದು ಫಿಲ್ಮು ಸಿಗುತ್ತದೆ, ಮೈಯೊಳಗೆ ಹೋದ ಕಿರಣವನ್ನು ಮಾತ್ರ ಹಿಂದಕ್ಕೆ ಕರೆಯಲಾಗದು ಎಂದು ಹೊಸದಾಗಿ ಸೇರಿದವರಿಗೆ ಹೇಳಿಕೊಡುತ್ತಿದ್ದೆ. ನನ್ನ ಕೈಯಲ್ಲಿ ಎರಡನೆಯ ಸಲ ತೆಗೆಯಬೇಕಾಗಿ ಬಂದ ಎಕ್ಸ್‌ರೇಗಳು ವರ್ಷವೊಂದಕ್ಕೆ ಬೆರಳಲ್ಲಿ ಎಣಿಸುವಷ್ಟು.

ಈ ಕಾಳಜಿಯನ್ನು ಮನೆಯವರ ಮೇಲೂ ಹೇರಿದ್ದೆ. ನನಗಿಂತ ಹನ್ನೆರಡು ವರ್ಷ ಚಿಕ್ಕವಳಾದ ತಂಗಿಯೊಬ್ಬಳಿದ್ದಾಳೆ. ಗಂಡ ತೀರಿಕೊಂಡ ಮೇಲೆ ಬಿ.ಟಿ.ಎಂ. ಲೇಔಟಿನ ಸ್ವಂತ ಮನೆಯಲ್ಲಿ, ಮಹಡಿಯನ್ನು ಬಾಡಿಗೆಗೆ ಕೊಟ್ಟು, ಕೆಳಗೆ ಒಬ್ಬಳೇ ಇದ್ದಳು. ತೊಂಬತ್ತರ ದಶಕದಲ್ಲೊಮ್ಮೆ ಅವಳಿಗೆ ಕೆಮ್ಮು ಹಿಡಿದಾಗ ತಿಲಕ್ ನಗರದ ಕ್ಲಿನಿಕ್ಕೊಂದರಲ್ಲಿ ಎರಡು ವಾರದಲ್ಲಿ ಎರಡು ಎಕ್ಸ್‌ರೇ ತೆಗೆಸಿದರೆಂದು ನಾನು ಅಲ್ಲಿಗೇ ಹೋಗಿ ಜಗಳವಾಡಿ ಬಂದಿದ್ದೆ. ಅಂದಿನಿಂದ ಅವಳಿಗೆ ಕಿರಣವೆಂದರೆ ಹಾವು ಕಂಡಂತೆ. ಆ ಹೆದರಿಕೆಯನ್ನು ಬಿತ್ತಿದವನು ನಾನೇ.

ಆದ್ದರಿಂದ ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದಾಗ, ಮೆಟ್ಟಿಲು ಹತ್ತಿದರೆ ಅವಳಿಗೆ ಎದೆ ಹಿಡಿದಂತಾಗಿ, ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಏನೂ ಖಚಿತವಾಗದೆ, ಹೃದ್ರೋಗದ ವೈದ್ಯರು ಹೃದಯದ ಸಿ.ಟಿ. ಸ್ಕ್ಯಾನ್ ಮಾಡಿಸಿ ಎಂದಾಗ ಅವಳು ಮೊದಲು ಕೇಳಿದ್ದು ರೋಗದ ವಿಷಯವನ್ನಲ್ಲ.

‘ಅಣ್ಣ, ಅದ್ರಲ್ಲಿ ಎಕ್ಸ್‌ರೇಗಿಂತ ಜಾಸ್ತಿ ಬೀಳತ್ತಂತಲ್ಲ?’

‘ಬೀಳತ್ತೆ. ಆದ್ರೆ ರಕ್ತನಾಳ ಕಟ್ಟಿದ್ಯಾ ಇಲ್ವಾ ಅಂತ ತೊಡೆಯಿಂದ ಕೊಳವೆ ತೂರಿಸದೇನೇ ಗೊತ್ತಾಗತ್ತೆ. ಬೇಕಾದ್ದಕ್ಕಿಂತ ಒಂದು ಕೂದಲೆಳೆಯಷ್ಟೂ ಹೆಚ್ಚು ಬೀಳದ ಹಾಗೆ ನಾನು ನೋಡ್ಕೋತೀನಿ.’

‘ನೀನಿದ್ರೆ ಸರಿ,’ ಎಂದಳು.

ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಸಲುವಾಗಿ, ಹಿಂದಿನ ದಿನವೇ ಜೆ.ಪಿ. ನಗರದ ಆ ಸ್ಕ್ಯಾನ್ ಸೆಂಟರಿಗೆ ಒಬ್ಬನೇ ಹೋದೆ. ಅಲ್ಲಿನ ಟೆಕ್ನಿಷಿಯನ್ ಮೂವತ್ತು ದಾಟಿರದವನು. ನನ್ನ ಪ್ರಶ್ನೆಗಳಿಗೆ ನಿಂತಲ್ಲೇ, ಆದರೆ ತಾಳ್ಮೆಯಿಂದ, ಉತ್ತರಿಸಿದ.

‘ಹೃದಯ ಒಂದ್ ಬಡಿತಕ್ಕೂ ಇನ್ನೊಂದಕ್ಕೂ ಮಧ್ಯ ಒಂಚೂರು ಸುಮ್ನಿರತ್ತಲ್ವಾ ಅಂಕಲ್? ಪಲ್ಸ್ ನಿಧಾನ ಆದಷ್ಟೂ ಆ ಗ್ಯಾಪ್ ಉದ್ದ. ನಮ್ಮ ಮೆಷಿನ್ ಆ ಗ್ಯಾಪಲ್ಲಿ ಮಾತ್ರ ರೇ ಬಿಡತ್ತೆ, ಮಿಕ್ಕಿದ್ ಟೈಮಲ್ಲಿ ಆಫ್. ಈ ಪದ್ಧತಿ ಬಂದು ಒಂದು ವರ್ಷ ಆಗಿಲ್ಲ. ಪಲ್ಸ್ ಓಡ್ತಿದ್ರೆ ಮಾತ್ರ ಹಾಗ್ ಮಾಡಕ್ಕಾಗಲ್ಲ. ಹಳೇ ತರ ಪೂರ್ತಿ ಹೊತ್ತೂ ಬಿಡ್ತಾ ಇರ್ಬೇಕು, ಆಮೇಲೆ ಚೆನ್ನಾಗಿ ಬಂದಿದ್ದನ್ನ ಆರಿಸ್ಕೋಬೇಕು.’

‘ವ್ಯತ್ಯಾಸ ಎಷ್ಟು?’

‘ಮೂರು ಪಟ್ಟಾದ್ರೂ ಬರತ್ತೆ ಅಂಕಲ್. ಅದಕ್ಕೇ ನಾಳೆ ಆಂಟಿಗೆ ಕಾಫಿ ಬೇಡ, ಓಡಾಟ ಬೇಡ, ಟೆನ್ಷನ್ ಬೇಡ. ಬಂದ ತಕ್ಷಣ ಪಲ್ಸ್ ಇಳಿಯಕ್ಕೆ ಒಂದ್ ಮಾತ್ರೆ ಕೊಟ್ಟು ರೂಮಲ್ಲಿ ಕೂರಿಸ್ತೀವಿ. ಅರವತ್ತರ ಹತ್ರ ಬರ್ಬೇಕು.’

ನನ್ನ ವೃತ್ತಿ ಯಾವುದೆಂದು, ಎಷ್ಟು ವರ್ಷದ ಸೇವೆಯೆಂದು ಆಗ ತಿಳಿಸಿದೆ. ‘ಓ, ಫಿಲ್ಮ್ ಕಾಲದವ್ರಾ ಅಂಕಲ್ ನೀವು?’ ಎಂದು ನಕ್ಕ. ಮೂವತ್ತೊಂದು ವರ್ಷ ನನ್ನನ್ನು ಸಾರ್ ಎನ್ನದೆ ಮಾತಾಡಿಸಿದ ಟೆಕ್ನಿಷಿಯನ್ ಇರಲಿಲ್ಲ. ಅವನು ಹೇಳಿಕೊಟ್ಟ ಅಷ್ಟು ಒಳ್ಳೆಯ ಪಾಠದಲ್ಲಿ ನಾನು ಬನಶಂಕರಿಯ ನನ್ನ ಮನೆಯವರೆಗೂ ಹೊತ್ತು ತಂದದ್ದು ಆ ಒಂದು ನಗೆಯನ್ನು.

ಮರುದಿನ ಬೆಳಿಗ್ಗೆ ಆಟೋದಲ್ಲಿ ತಂಗಿಯನ್ನು ಕರೆದುಕೊಂಡು ಹೋದೆ. ಟೋಕನ್ ಎಂಟು. ಎದೆಯ ಮೇಲೆ ಲೋಹ ಇರಕೂಡದೆಂದು ಕೌಂಟರಿನಲ್ಲಿ ಹೇಳಿದಾಗ ಅವಳ ಮುಖ ಬಾಡಿತು. ನಮ್ಮಲ್ಲಿ ಕೊರಳಿಗೆ ಕಟ್ಟಿದ ಇಷ್ಟಲಿಂಗವನ್ನು ಮೈಯಿಂದ ಬೇರೆ ಮಾಡುವ ರೂಢಿಯಿಲ್ಲ. ಹೆರಿಗೆಯ ಹೊತ್ತಿನಲ್ಲೂ ಅವಳು ತೆಗೆದಿರಲಿಲ್ಲ. ಟೆಕ್ನಿಷಿಯನ್ ಅದಕ್ಕೂ ದಾರಿ ತೋರಿಸಿದ. ಲಿಂಗವಿರುವ ಬೆಳ್ಳಿಯ ಕರಡಿಗೆ ಬೇಡ, ಲಿಂಗವನ್ನಷ್ಟೇ ಬಟ್ಟೆಯಲ್ಲಿ ಸುತ್ತಿ ಎಡಗೈ ಮಣಿಕಟ್ಟಿಗೆ ಕಟ್ಟಿಕೊಳ್ಳಿ ಆಂಟಿ, ಸ್ಕ್ಯಾನ್ ಮಾಡೋವಾಗ ಕೈ ತಲೆ ಮೇಲಿರತ್ತೆ, ಎದೆಗೆ ಅಡ್ಡ ಬರಲ್ಲ ಎಂದ. ನನ್ನ ಶುಭ್ರವಾದ ಕರವಸ್ತ್ರವನ್ನು ಉದ್ದಕ್ಕೆ ಹರಿದು ನಾನೇ ಕಟ್ಟಿದೆ. ‘ಬಿಗಿಯಾಯ್ತಾ?’ ಎಂದರೆ, ‘ಬಿಗಿಯಾಗೇ ಇರ್ಲಿ,’ ಎಂದಳು. ಕರಡಿಗೆಯನ್ನು ನನ್ನ ಅಂಗೈಯಲ್ಲಿಟ್ಟು, ಮಾತ್ರೆ ನುಂಗಿ, ಒಳಗೆ ಹೋಗಿ ಕುಳಿತಳು.

ಅದೊಂದು ಸಣ್ಣ ಕೋಣೆ. ಟಿ.ವಿ. ಇಲ್ಲ, ಪತ್ರಿಕೆ ಇಲ್ಲ, ಜೊತೆಗೆ ಬಂದವರಿಗೆ ಪ್ರವೇಶವಿಲ್ಲ. ನಾಲ್ಕು ಒರಗು ಕುರ್ಚಿ, ಮೆಲ್ಲಗೆ ತಿರುಗುವ ಒಂದು ಫ್ಯಾನು. ಹತ್ತು ನಿಮಿಷಕ್ಕೊಮ್ಮೆ ಟೆಕ್ನಿಷಿಯನ್ ಒಳಗೆ ಹೋಗಿ, ಅಲ್ಲಿ ಕುಳಿತವರ ನಾಡಿ ನೋಡಿ, ರಟ್ಟಿಗೆ ಸಿಕ್ಕಿಸಿದ ಹಾಳೆಯೊಂದರಲ್ಲಿ ಏನೋ ಬರೆದುಕೊಂಡು ಬರುತ್ತಿದ್ದ. ನಾನು ಬಾಗಿಲ ಹೊರಗಿನ ಬೆಂಚಿನಲ್ಲಿ ಗಡಿಯಾರ ನೋಡುತ್ತ ಕುಳಿತೆ.

ನಮಗಿಂತ ಅರ್ಧ ಗಂಟೆ ತಡವಾಗಿ, ಜರಗನಹಳ್ಳಿ ಕಡೆಯ ಜಮೀನುದಾರರೊಬ್ಬರು ಕಾರಿನಲ್ಲಿ ಬಂದರು. ಬಿಳಿ ಅಂಗಿ, ಕೈಗೆ ದಪ್ಪ ಚಿನ್ನದ ಸರಪಳಿ. ಅವರ ಟೋಕನ್ ಹನ್ನೊಂದು. ಅವರು ಕೌಂಟರಿನ ಮೇಲಿಟ್ಟಾಗ ನಾನು ಓದಿದ್ದೆ. ಅವರೂ ಆ ಕೋಣೆಗೆ ಹೋದರು. ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಟೆಕ್ನಿಷಿಯನ್ ಬಾಗಿಲು ತೆರೆದು, ನನ್ನ ತಂಗಿಯನ್ನು ದಾಟಿ, ಅವರನ್ನು ಎಬ್ಬಿಸಿಕೊಂಡು ಹೊರಬಂದ.

ನಾನು ಎದ್ದು ದಾರಿಗೆ ಅಡ್ಡ ನಿಂತೆ.

‘ನಮ್ದು ಎಂಟು. ಇವರ್ದು ಹನ್ನೊಂದು. ಕನ್ನಡಕ ಹಾಕ್ಕೊಂಡೇ ಓದಿದೀನಿ.’

‘ಅಂಕಲ್, ಟೋಕನ್ ಬಿಲ್ಲಿಗೆ ಮಾತ್ರ. ಒಳಗೆ ಆ ಲೆಕ್ಕ ಇಲ್ಲ.’

‘ಇನ್ಯಾವ ಲೆಕ್ಕ? ಕಾರಿನ ಲೆಕ್ಕವಾ?’

‘ಸ್ವಲ್ಪ ಮೆತ್ತಗೆ ಅಂಕಲ್, ಒಳಗೆ ಪೇಷೆಂಟ್ಸ್ ಇದಾರೆ.’

‘ಅಂಕಲ್ ಅನ್ಬೇಡಿ. ನಿಮ್ಮಪ್ಪನ ತಮ್ಮ ಅಲ್ಲ ನಾನು.’

ಜಮೀನುದಾರರು ನಡುವೆ ಬಂದು, ‘ಬಿಡಿ ಯಜಮಾನ್ರೇ, ಅಕ್ಕಾವ್ರೇ ಮೊದ್ಲು ಹೋಗ್ಲಿ. ನಂಗೇನ್ ಅರ್ಜೆಂಟಿಲ್ಲ,’ ಎಂದರು. ಈಗ ಯೋಚಿಸಿದರೆ ಅದಕ್ಕಿಂತ ಸಭ್ಯವಾದ ಮಾತು ಆ ಬೆಳಿಗ್ಗೆ ಅಲ್ಲಿ ಯಾರ ಬಾಯಿಂದಲೂ ಬಂದಿರಲಿಲ್ಲ. ನನಗೆ ಅದು ಭಿಕ್ಷೆ ನೀಡಿದಂತೆ ಕೇಳಿಸಿತು.

‘ನಿಮ್ಮ ಧರ್ಮ ಬೇಡ ಸ್ವಾಮಿ. ನಮ್ಮ ಸರದಿ ಕೊಡಿ, ಸಾಕು.’

ಅಲ್ಲಿಗೂ ನಿಲ್ಲಲಿಲ್ಲ. ಸರದಿಗೆ ಮರ್ಯಾದೆ ಇಲ್ಲದ್ದು, ಹಿರಿಯರಿಗೆ ಮರ್ಯಾದೆ ಇಲ್ಲದ್ದು, ಕಂಪ್ಯೂಟರು ಒತ್ತುವವರಿಗೆ ಫಿಲ್ಮು ತೊಳೆದ ಕೈಗಳ ಬೆಲೆ ತಿಳಿಯದ್ದು, ಎಲ್ಲವನ್ನೂ ಹೇಳಿದೆ. ಬೀಳ್ಕೊಡುಗೆಯ ದಿನ ಆ ವೈದ್ಯರಿಗೆ ಹೇಳದೆ ಉಳಿಸಿಕೊಂಡಿದ್ದ ಮಾತುಗಳೂ ಈ ಹುಡುಗನ ಮೇಲೆ ಬಿದ್ದವು. ಎಂಟು ನಿಮಿಷ ಕೂಗಾಡಿದೆ. ತಂಗಿಯ ಕರಡಿಗೆ ಅಷ್ಟು ಹೊತ್ತೂ ನನ್ನ ಮುಷ್ಟಿಯಲ್ಲಿತ್ತು.

ಟೆಕ್ನಿಷಿಯನ್ ಜಮೀನುದಾರರನ್ನು ಯಂತ್ರದ ಕೋಣೆಗೆ ಕಳುಹಿಸಿ, ತಂಗಿಯಿದ್ದ ಕೋಣೆಯೊಳಗೆ ಹೋಗಿ ಬಂದು, ರಟ್ಟಿನ ಹಾಳೆಯನ್ನು ನನ್ನ ಮುಂದೆ ಹಿಡಿದ.

‘ನೋಡಿ ಸಾರ್. ಯಾರ ಪಲ್ಸ್ ಮೊದ್ಲು ಇಳಿಯತ್ತೋ ಅವ್ರು ಮೊದ್ಲು. ಅವ್ರು ಮನೇಲೇ ದಿನಾ ಈ ಮಾತ್ರೆ ತಗೋತಾರೆ, ಬರುವಾಗ್ಲೇ ಅರವತ್ತಿತ್ತು. ಮೇಡಂದು ನೋಡಿ.’

ತಂಗಿಯ ಸಾಲಿನಲ್ಲಿ ಹತ್ತು ನಿಮಿಷಕ್ಕೊಂದರಂತೆ ಅಂಕಿಗಳಿದ್ದವು. ಎಂಬತ್ತಾರು, ಎಪ್ಪತ್ತೆಂಟು, ಎಪ್ಪತ್ತೊಂದು, ಅರವತ್ತಾರು, ಅರವತ್ತಮೂರು. ಅದರ ಕೆಳಗೆ, ಮಸಿ ಇನ್ನೂ ಹಸಿಯಾಗಿರುವಂತೆ ಕಾಣುತ್ತಿದ್ದ ತೊಂಬತ್ತೆರಡು.

ಅಂಕಿಗಳನ್ನು ಓದುವುದನ್ನು ನನಗೆ ಯಾರೂ ಕಲಿಸಬೇಕಿರಲಿಲ್ಲ. ಅರವತ್ತಮೂರರಲ್ಲಿ ನಾನು ಎದ್ದು ನಿಂತಿದ್ದೆ. ಸರದಿ ನಾಡಿಯದೆಂಬುದನ್ನು ಅವನು ಹಿಂದಿನ ದಿನ ಹೇಳಿರಲಿಲ್ಲ, ನಿಜ. ಆದರೆ ಅವನು ಹೇಳಿದ್ದಷ್ಟರಿಂದಲೇ ಅದನ್ನು ಊಹಿಸಿಕೊಳ್ಳಬೇಕಾದವನು ಆ ಕಟ್ಟಡದಲ್ಲಿ ಯಾರಾದರೂ ಇದ್ದರೆ, ಅದು ಮೂವತ್ತೊಂದು ವರ್ಷದ ಅನುಭವವಿದ್ದ ನಾನು.

ಇನ್ನೂ ನಲವತ್ತು ನಿಮಿಷ ಕಾದೆವು. ನಾಡಿ ಎಂಬತ್ತರ ಕೆಳಗೆ ಇಳಿಯಲಿಲ್ಲ. ರಕ್ತದೊತ್ತಡ ಮೊದಲೇ ಕಡಿಮೆಯಿದ್ದ ಅವಳಿಗೆ ಒತ್ತಡವನ್ನೂ ಇಳಿಸುವ ಆ ಮಾತ್ರೆಯನ್ನು ಇನ್ನೊಂದು ಕೊಡುವಂತಿರಲಿಲ್ಲ. ಟೆಕ್ನಿಷಿಯನ್ ಬಂದು, ನನ್ನಿಂದ ಎರಡು ಮಾರು ದೂರದಲ್ಲಿ ನಿಂತು ಹೇಳಿದ:

‘ಸಾರ್, ಇವತ್ತು ಬೇಡ. ನಾಳಿದ್ದು ಬನ್ನಿ. ಡಾಕ್ಟ್ರನ್ನ ಕೇಳಿ, ಮನೇಲೇ ತಗೊಳಕ್ಕೆ ಮಾತ್ರೆ ಬರೆಸಿ ಕೊಡ್ತೀನಿ. ಆರಾಮಾಗಿ ಆಗತ್ತೆ.’

ಬಾಗಿಲ ಬಳಿ, ಸ್ಕ್ಯಾನ್ ಮುಗಿಸಿ ಬಂದಿದ್ದ ಜಮೀನುದಾರರು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಅವರ ಕಣ್ಣೆದುರು, ಕೆಲಸವಾಗದೆ, ತಂಗಿಯನ್ನು ಕರೆದುಕೊಂಡು ಹಿಂತಿರುಗುವುದು ನನ್ನಿಂದಾಗಲಿಲ್ಲ.

‘ಬೆಳಿಗ್ಗೆಯಿಂದ ಉಪವಾಸ ಇದಾಳೆ. ಇವತ್ತೇ ಆಗ್ಬೇಕು,’ ಎಂದೆ.

‘ಇವತ್ತಾದ್ರೆ ಹಳೇ ಪದ್ಧತೀಲೇ ಮಾಡ್ಬೇಕು ಸಾರ್. ರೇಡಿಯೇಷನ್ ಜಾಸ್ತಿ. ನಿಮಗೇ ಗೊತ್ತಲ್ಲ.’

‘ಗೊತ್ತು. ಮಾಡಿ.’

ಆ ದಿನಗಳಲ್ಲಿ ಹಳೆಯ ಪದ್ಧತಿಯೇ ಎಲ್ಲ ಕಡೆ ನಡೆಯುತ್ತಿದ್ದುದರಿಂದ ಕರ್ತವ್ಯದಲ್ಲಿದ್ದ ವೈದ್ಯೆ ಒಪ್ಪಿದರು. ಅವರು ಒಳಗೆ ತಂಗಿಯನ್ನು ಇವತ್ತೇ ಮಾಡೋಣವೇ ಎಂದಷ್ಟೇ ಕೇಳಿದಾಗ, ಅಣ್ಣ ಹೇಗೆ ಹೇಳಿದರೆ ಹಾಗೆ ಎಂದಳಂತೆ. ಒಪ್ಪಿಗೆ ಪತ್ರದಲ್ಲಿ ಅವಳ ಸಹಿಯ ಕೆಳಗೆ ನನ್ನದನ್ನು ಹಾಕಿದೆ. ನನ್ನ ಸಹಿ ಯಾವತ್ತೂ ಅಚ್ಚುಕಟ್ಟು. ಆ ದಿನವೂ ಅಕ್ಷರ ಅಲುಗಲಿಲ್ಲ. ಯಂತ್ರದ ಕೋಣೆಗೆ ಹೋಗುತ್ತ ತಂಗಿ ನನ್ನ ಮುಖ ನೋಡಿ, ‘ಏನಾದ್ರೂ ತೊಂದ್ರೆನಾ ಅಣ್ಣ?’ ಎಂದಳು.

‘ಏನಿಲ್ಲ. ಉಸಿರು ಹಿಡಿ ಅಂದಾಗ ಹಿಡಿ,’ ಎಂದೆ.

ನನ್ನ ಜೀವನದಲ್ಲಿ ನಾನು ಯಾವ ರೋಗಿಗೂ ಸುಳ್ಳು ಹೇಳಿರಲಿಲ್ಲ.

ಎರಡು ದಿನದ ನಂತರ ವರದಿ ಬಂತು. ಎಡಗಡೆಯ ನಾಳಗಳು ಸರಿಯಾಗಿವೆ. ಬಲಗಡೆಯ ನಾಳ, ಹೃದಯ ಬಡಿದುಕೊಂಡಾಗ ಎಲ್ಲಕ್ಕಿಂತ ಹೆಚ್ಚು ಅಲ್ಲಾಡುವಂಥದು, ಮಸುಕಾಗಿ ಎರಡೆರಡಾಗಿ ಮೂಡಿತ್ತು. ಅದರ ಬಗ್ಗೆ ಏನೂ ಹೇಳಲಾಗದೆಂದು ಬರೆದಿದ್ದರು. ಕೊನೆಯ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ಕಿರಣದ ಪ್ರಮಾಣವಿತ್ತು. ಹೃದ್ರೋಗದ ವೈದ್ಯರು ಹಾಳೆ ಮಡಚಿ, ನಾಡಿ ಇಳಿಸಿಕೊಂಡು ಮೂರು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ ಎಂದರು. ಎರಡೂ ಸೇರಿದರೆ ಆಗುವ ಅಪಾಯದ ಬಗ್ಗೆ ಕೇಳಿದೆ. ನಿದ್ದೆಗೆಡುವಷ್ಟೇನಿಲ್ಲ ಎಂದರು. ಅಷ್ಟು ನನಗೂ ಗೊತ್ತು. ಅಪಾಯ ಸಣ್ಣದೇ. ಆದರೆ ಆ ಸಣ್ಣದನ್ನು ಇನ್ನಷ್ಟು ಸಣ್ಣದು ಮಾಡುವುದಕ್ಕಾಗಿ ಆಯುಷ್ಯ ಸವೆಸಿದವನು, ಅದನ್ನು ಸ್ವಂತ ತಂಗಿಯ ಎದೆಯ ಮೇಲೆ ಕೈಯಾರೆ ದೊಡ್ಡದು ಮಾಡಿದ್ದೆ.

ಮನೆಗೆ ಬಂದು ತಂಗಿ ತನ್ನನ್ನೇ ದೂರಿಕೊಂಡಳು. ‘ನನ್ ಹೃದಯಕ್ಕೇ ತಾಳ್ಮೆ ಇಲ್ಲ ನೋಡು. ಅಷ್ಟ್ ಜನ ಸುಮ್ನೆ ಕೂತಿದ್ರು, ನಂದ್ ಮಾತ್ರ ಕುಣೀತು.’ ನಾನು ಸುಮ್ಮನಿದ್ದೆ. ಒಂದು ದಿನವಲ್ಲ, ಹದಿನೈದು ದಿನ ಸುಮ್ಮನಿದ್ದೆ. ಪ್ರತಿ ಸಂಜೆ ಬನಶಂಕರಿಯಿಂದ ಬಸ್ಸು ಹಿಡಿದು ಅವಳ ಮನೆಗೆ ಹೋಗಿ, ಹೇಳಬೇಕೆಂದು ಕುಳಿತು, ಅವಳು ಕೊಟ್ಟ ಮಜ್ಜಿಗೆ ಕುಡಿದು ಎದ್ದು ಬರುತ್ತಿದ್ದೆ. ಅವಳು ದೇವರ ಮುಂದೆ ಕುಳಿತು ನಿಧಾನವಾಗಿ ಉಸಿರಾಡುವುದನ್ನು ಅಭ್ಯಾಸ ಮಾಡುತ್ತಿದ್ದಳು, ಮುಂದಿನ ಸಲ ಕೆಡಬಾರದೆಂದು. ಅದನ್ನು ನೋಡಿಕೊಂಡು ಸುಮ್ಮನೆ ಕೂರುವುದು ಹದಿನಾರನೆಯ ದಿನ ನನ್ನಿಂದಾಗಲಿಲ್ಲ.

‘ನಿನ್ ಹೃದಯದ ತಪ್ಪಲ್ಲ,’ ಎಂದೆ. ‘ನಾನು ಹೊರಗೆ ಜಗಳ ಆಡಿದೆ.’

‘ಗೊತ್ತಲ್ಲ,’ ಎಂದಳು. ‘ನಿನ್ ದನಿ ಕೇಳಿಸ್ದೇ ಇರತ್ತಾ? ಇನ್ನೇನ್ ಹೊಡೆದಾಟ ಆಗೋಗತ್ತೆ ಅಂತ ಜೀವ ಬಾಯಿಗೆ ಬಂದಿತ್ತು ನಂಗೆ.’

‘ಮತ್ತೆ ನಿನ್ ಹೃದಯಾನ ಯಾಕ್ ಬೈಕೋತಿದ್ದೆ?’

‘ನಿನ್ನ ಬೈಯಕ್ಕಾಗತ್ತಾ? ಅದನ್ನೂ ನೆನಪಿಟ್ಕೋತೀಯ.’

ಅಷ್ಟಕ್ಕೇ ನಿಲ್ಲಿಸಿಬಿಡಬಹುದಿತ್ತು. ಅವಳಿಗೆ ಜಗಳ ಗೊತ್ತಿತ್ತು; ಆಮೇಲಿನದು ಗೊತ್ತಿರಲಿಲ್ಲ. ಟೆಕ್ನಿಷಿಯನ್ ನಾಳಿದ್ದು ಬನ್ನಿ ಎಂದದ್ದು, ಹೆಚ್ಚು ಕಿರಣ ಬೀಳುತ್ತದೆಂದು ಎಚ್ಚರಿಸಿದ್ದು, ಎಲ್ಲ ತಿಳಿದೂ ನಾನು ಮಾಡಿ ಎಂದು ಸಹಿ ಹಾಕಿದ್ದು, ಅವಳು ಕೇಳಿದಾಗ ಏನಿಲ್ಲ ಎಂದದ್ದು, ಒಂದನ್ನೂ ಬಿಡದೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಂತಿತು. ಮೊರವನ್ನು ಪಕ್ಕಕ್ಕೆ ಸರಿಸಿದಳು.

‘ಮುಂದಿನ ವಾರ ನೀನ್ ಬರ್ಬೇಡ,’ ಎಂದಳು.

ಸರಿ ಎಂದೆ.

ಅವಳ ಜೊತೆ ಹೋದದ್ದು ಮಹಡಿಯಲ್ಲಿ ಬಾಡಿಗೆಗಿದ್ದ ಬಾಗಲಕೋಟೆ ಕಡೆಯ ತರುಣಿ. ಯಾವುದೋ ಕಚೇರಿಯಲ್ಲಿ ಕೆಲಸ, ಅಂದು ಅರ್ಧ ದಿನದ ರಜೆ ಹಾಕಿದ್ದಳು. ಗೇಟಿನ ಬಳಿ ನಾನು ಕಾಫಿ ಬೇಡ, ಮಾತು ಬೇಡ, ಆಟೋದವನಿಗೆ ನಿಧಾನ ಹೋಗೆಂದು ಹೇಳು ಎಂದು ಒಂದೇ ಸಮನೆ ಹೇಳುತ್ತಿದ್ದಾಗ, ‘ಕಾಕಾರ, ನೀವ್ ಕಾಳಜಿ ಮಾಡಬ್ಯಾಡ್ರಿ,’ ಎಂದಳು. ‘ನಾ ಹೊರಗ ಸುಮ್ಕ ಕುಂದರ್ತೀನ್ರಿ. ಯಾರರ ನನ್ನ ಕಾಲ್ ತುಳದ್ರೂ ಪಿಟ್ಟ್ ಅನ್ನಂಗಿಲ್ಲ.’ ತಂಗಿ ಆಟೋದೊಳಗೆ ಕುಳಿತು ಬೇರೆ ಕಡೆ ನೋಡಿ ನಕ್ಕಳು. ನಕ್ಕದ್ದು ನನ್ನನ್ನೇ. ಮೂರು ವಾರದ ಬಳಿಕ ಅವಳು ನಕ್ಕದ್ದು ನೋಡಿ ನನಗೆ ಹಗುರವಾಯಿತು.

ಅವರು ಬರುವವರೆಗೆ ಅವಳ ಮನೆಯಲ್ಲೇ ಕುಳಿತಿದ್ದೆ. ಹನ್ನೆರಡರ ಹೊತ್ತಿಗೆ ಆಟೋ ಬಂತು. ನಾನು ಬಾಗಿಲಿಗೆ ಓಡಲಿಲ್ಲ, ಕುರ್ಚಿಯಲ್ಲೇ ಇದ್ದೆ. ತರುಣಿ ಒಳಗೆ ಬಂದವಳೇ, ‘ಐವತ್ತೆಂಟಕ್ಕ ಇಳೀತ್ರಿ,’ ಎಂದಳು. ‘ಐದ್ ನಿಮಿಷದಾಗ ಮುಗೀತು. ಆ ಟೆಕ್ನಿಷಿಯನ್ನು, ಇವತ್ತ ಸಾರ್ ಬಂದಿಲ್ಲೇನು ಅಂತ ಕೇಳಿದ್ರಿ.’

‘ನೀನೇನಂದೆ?’

‘ಮನ್ಯಾಗ ಪಲ್ಸ್ ಇಳಿಸ್ಕೋಳಾಕತ್ತಾರ ಅಂದೆ.’

ಮಹಡಿ ಮೆಟ್ಟಿಲಿನಲ್ಲಿ ಅವಳ ಹೆಜ್ಜೆ ಸದ್ದು ಕರಗಿದ ಮೇಲೆ ತಂಗಿ ನನ್ನೆದುರು ಕುಳಿತಳು. ಬಲಗಡೆಯ ನಾಳದಲ್ಲಿ ಸ್ವಲ್ಪ ಕಿರಿದಾಗಿದೆ, ಮಾತ್ರೆಯಲ್ಲೇ ನಿಭಾಯಿಸಬಹುದೆಂದು ವೈದ್ಯರು ಆಮೇಲೆ ಹೇಳಿದರು. ಆ ಸಲದ ವರದಿಯ ಕೊನೆಯ ಸಾಲಿನ ಅಂಕಿ ಮೊದಲನೆಯದರ ಮೂರನೆಯ ಒಂದು ಭಾಗವೂ ಇರಲಿಲ್ಲ. ಅವಳ ಮೈಯೊಳಗೆ ಹೋಗಬೇಕಾಗಿದ್ದದ್ದು ಅಷ್ಟೇ. ಮಿಕ್ಕದ್ದು ನಾನು ಹಾಕಿದ್ದು. ಎರಡೂ ವರದಿಗಳನ್ನು ಇಂದಿಗೂ ನನ್ನ ಬೀರುವಿನಲ್ಲಿ ಒಂದರ ಮೇಲೊಂದು ಇಟ್ಟಿದ್ದೇನೆ.

ಆದರೆ ಆ ಮಧ್ಯಾಹ್ನ ವರದಿ ಇನ್ನೂ ಬಂದಿರಲಿಲ್ಲ. ತಂಗಿ ಎಡಗೈಯನ್ನು ನನ್ನ ಮುಂದೆ ಚಾಚಿದಳು. ಮಣಿಕಟ್ಟಿನಲ್ಲಿ ಲಿಂಗ ಕಟ್ಟಿದ ಬಟ್ಟೆಯ ಸುತ್ತು ಹಾಗೇ ಇತ್ತು. ಗಂಟು ನಾನು ಹಾಕಿದ್ದಂತಿರಲಿಲ್ಲ. ನನ್ನದಕ್ಕಿಂತ ಸಡಿಲ, ನನ್ನದಕ್ಕಿಂತ ಚೆಂದ.

‘ದಾರೀಲಿ ಬಿಚ್ತೀನಿ ಅಂದ್ಲು ಹುಡುಗಿ. ಬೇಡ ಅಂದೆ,’ ಎಂದಳು.

ಕರಡಿಗೆಯನ್ನು ದೇವರ ಮನೆಯಿಂದ ತಂದು ಪಕ್ಕದಲ್ಲಿಟ್ಟುಕೊಂಡು, ಅವಳ ಕೈ ಹಿಡಿದೆ. ಹಿಡಿದ ಬೆರಳುಗಳು ಹಳೆಯ ಅಭ್ಯಾಸದಂತೆ ತಾವಾಗಿಯೇ ನಾಡಿಯ ಮೇಲೆ ಹೋಗಿ ಕುಳಿತವು, ಕಣ್ಣು ಗೋಡೆಯ ಗಡಿಯಾರದ ಕಡೆ ಹೋಯಿತು.

‘ಎಣಿಸ್ಬೇಡ,’ ಎಂದಳು. ‘ಬಿಚ್ಚು.’